ವೆಮೋರ್ಕ್ ಕತೆ ಎಲ್ಲಿ ನಿಲ್ಲಬೇಕು?

ಹನ್ನೆರಡು ಹದಿಮೂರರ ಮಕ್ಕಳಿಗೆ ಯುದ್ಧಕಾಲದ ಸಾಹಸ ಕಾದಂಬರಿ ಬರೆಯುವವರಿಗೆ ನಾರ್ವೆಯ ವೆಮೋರ್ಕ್ ದಾಳಿಯಂಥ ವಸ್ತು ಸಿಗುವುದು ಅಪರೂಪ. 1943ರ ಫೆಬ್ರವರಿ 27ರ ರಾತ್ರಿ ಒಂಬತ್ತು ಮಂದಿ ನಾರ್ವೆಯವರು ಪಹರೆಯಿದ್ದ ತೂಗುಸೇತುವೆಯ ಗೊಡವೆಗೆ ಹೋಗದೆ ಹಿಮದ ಕಮರಿಗಿಳಿದರು. ಆಚೆ ಬದಿಯ ಬಂಡೆ ಹತ್ತಿ, ರೈಲುಹಳಿ ಹಿಡಿದು ಕಾರ್ಖಾನೆ ತಲುಪಿದರು. ಜರ್ಮನರ ಅಣುಸಂಶೋಧನೆಗೆ ಬೇಕಿದ್ದ ಭಾರಜಲ ತಯಾರಾಗುತ್ತಿದ್ದುದು ಅಲ್ಲಿ. ಒಳಹೊಕ್ಕವರು ಸ್ಫೋಟಕ ಕಟ್ಟಿ ಇನ್ನೇನು ಬತ್ತಿ ಹಚ್ಚಬೇಕು, ಅಲ್ಲಿದ್ದ ಕಾವಲುಗಾರ ತನ್ನ ಕನ್ನಡಕ ಕಾಣುತ್ತಿಲ್ಲವೆಂದ, ಹುಡುಕಿಕೊಟ್ಟರು! ಒಂದು ಗುಂಡೂ ಹಾರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ನಾಯಕ ಯೋಆಕಿಮ್ ರೊನ್ನೆಬರ್ಗ್‌ಗೆ ಆಗ ಬರೀ 23. ಕಲ್ಪಿಸಿ ಬರೆದಿದ್ದರೆ ಕನ್ನಡಕದ ಪ್ರಸಂಗ ಅತಿಯಾಯಿತೆಂದು ಯಾರಾದರೂ ಕತ್ತರಿ ಹಾಕುತ್ತಿದ್ದರು.

ಕತೆಯನ್ನು ಅಲ್ಲಿಗೇ ಮುಗಿಸಬಾರದೇಕೆ? ಮುಗಿಸಿದರೆ ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಓದಿನ ರುಚಿ ಹತ್ತುವ ವಯಸ್ಸಿಗೆ ಮೊದಲು ಬೇಕಾದ್ದು ಮೈ ಜುಮ್ಮೆನಿಸುವ ಕತೆ. ಇತಿಹಾಸದ ಕಹಿಯನ್ನು ಮಗು ಆಮೇಲೆ ತಾನೇ ಹುಡುಕಿಕೊಂಡು ಹೋದೀತು. ಕೊಲ್ಲದೆಯೂ ಗೆಲ್ಲಬಹುದೆಂದು ತೋರಿಸುವ ಯುದ್ಧಕತೆಗಳಾದರೂ ಎಷ್ಟಿವೆ? ಈ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ಆದರೆ ಆ ರಾತ್ರಿಗೆ ಹಿಂದುಮುಂದು ಇದೆ. 1942ರ ನವೆಂಬರಿನಲ್ಲಿ ಇದೇ ಕೆಲಸಕ್ಕೆ ಗ್ಲೈಡರುಗಳಲ್ಲಿ ಹೊರಟ ಬ್ರಿಟಿಷ್ ತಂಡ ಅಪಘಾತಕ್ಕೀಡಾಗಿ, ಬದುಕುಳಿದವರನ್ನೂ ಜರ್ಮನರು ಕೊಂದರು. ಸತ್ತವರು 41 ಮಂದಿ. ಮುಂದಿನದು ಇನ್ನೂ ಕಠಿಣ. ಕಾರ್ಖಾನೆ ಮತ್ತೆ ನಡೆಯಿತು. ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸಲು ಹೊರಟಾಗ, 1944ರ ಫೆಬ್ರವರಿ 20ರಂದು ಟಿನ್ ಸರೋವರದಲ್ಲಿ ಅದನ್ನು ಹೊತ್ತ ಪ್ರಯಾಣಿಕರ ದೋಣಿಯನ್ನೇ ಮುಳುಗಿಸಲಾಯಿತು. ಪ್ರಯಾಣಿಕರು ಕಡಿಮೆಯಿರಲೆಂದು ಭಾನುವಾರವನ್ನು ಆರಿಸಿದ್ದರೂ 18 ಜನ ಸತ್ತರು. ಅವರಲ್ಲಿ 14 ಮಂದಿ ನಾರ್ವೆಯವರೇ. ಬಾಂಬಿಟ್ಟ ತಂಡದ ಮುಖಂಡ ಕ್ನುಟ್ ಹೌಕೆಲಿಡ್, ಕಮರಿ ದಾಟಿದ ಒಂಬತ್ತರಲ್ಲಿ ಒಬ್ಬ.

ನನ್ನ ಒಲವು ದೋಣಿಯ ಕಡೆಗೆ. ಎಂಟು ವರ್ಷದ ಮಗುವಿಗಾದರೆ ಕನ್ನಡಕದವರೆಗಿನ ಕತೆ ಸಾಕು. ಆದರೆ ಹದಿಮೂರರ ಓದುಗನ ಕೈಗೆ ಹೌಕೆಲಿಡ್‌ನನ್ನು ಅರ್ಧ ಮಾತ್ರ ಕೊಡುವುದು ಇಬ್ಬರಿಗೂ ಅನ್ಯಾಯ. ಸೇರಿಸುವುದೇ ಆದರೆ ಕೊನೆಯಲ್ಲೊಂದು ಲೇಖಕರ ಟಿಪ್ಪಣಿಯಾಗಿ ಅಲ್ಲ, ಅದನ್ನು ಮಕ್ಕಳು ಓದುವುದೇ ಇಲ್ಲ. ಪೂರಾ ಅಧ್ಯಾಯವಾಗಿ ಬರಲಿ. ಪ್ರಯಾಣಿಕರಿಗೆ ಮುನ್ಸೂಚನೆ ಕೊಟ್ಟಿದ್ದರೆ ಗುಟ್ಟು ಉಳಿಯುತ್ತಿತ್ತೇ ಎಂಬ ಪ್ರಶ್ನೆ ಆ ಅಧ್ಯಾಯದೊಳಗೇ ಏಳಲಿ, ಉತ್ತರವನ್ನು ಲೇಖಕರು ಕೊಡದಿದ್ದರೂ ನಡೆದೀತು.