ಬಸ್ಸಿಗೆ ಒಗ್ಗುವ ಯುಕುಲೆಲೆ

ಗಿಟಾರ್ ಬೇಕು ಎನ್ನುವ ಗೆಳೆಯರಿಗೆ ನಾನು ಹೇಳುವುದು, ಯುಕುಲೆಲೆ ನೋಡಿ. ಹಳ್ಳಿಗಳಿಂದ ಹುಳಿಯಾರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಿಟಾರ್ ಎಲ್ಲಿಡುತ್ತೀರಿ? ಇದಕ್ಕೆ ನಾಲ್ಕೇ ನೈಲಾನ್ ತಂತಿ, ತೊಡೆಯ ಮೇಲೆ ಹಿಡಿಸುತ್ತದೆ. 1879ರಲ್ಲಿ ಪೋರ್ಚುಗಲ್ಲಿನ ಮದೈರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದವರು ಹಡಗಿನಲ್ಲಿ ಒಯ್ದ ಪುಟ್ಟ ವಾದ್ಯಗಳಿಂದ ಹುಟ್ಟಿದ್ದು ಇದು.

21 ಇಂಚಿನದು ಸೊಪ್ರಾನೊ, 23 ಇಂಚಿನದು ಕಾನ್ಸರ್ಟ್. ಎರಡೇ ಇಂಚು ಹೆಚ್ಚಾದರೂ ಬೆರಳಿಗೆ ಜಾಗ ಸಿಗುತ್ತದೆ. ನನ್ನ ಮತ ಕಾನ್ಸರ್ಟಿಗೆ. ಇಡೀ ಮರದ ಹಲಗೆಯದು ದನಿಗೆ ಚೆನ್ನ, ಆದರೆ ನಮ್ಮ ಬೇಸಿಗೆಯ ಒಣ ಬಿಸಿಗೆ ಬಿರುಕು ಬಿಡಬಹುದು. ಪ್ಲೈವುಡ್‌ನಂತೆ ಪದರ ಅಂಟಿಸಿದ ಲ್ಯಾಮಿನೇಟ್ ಸಾಕು, ಅಗ್ಗವೂ ಹೌದು. ಆಟಿಕೆ ಅಂಗಡಿಯದು ಮಾತ್ರ ಬೇಡ, ಶ್ರುತಿ ನಿಲ್ಲುವುದಿಲ್ಲ. ಕೊಳ್ಳುವಾಗ ತಂತಿಯನ್ನು ಹಾಗೇ ಒಮ್ಮೆ ಮೀಟಿ, 12ನೇ ಫ್ರೆಟ್ಟಿನಲ್ಲಿ ಒತ್ತಿ ಇನ್ನೊಮ್ಮೆ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಬರದಿದ್ದರೆ ಬೇರೆಯದು ಕೇಳಿ. ಹೊಸ ತಂತಿ ಕೆಲವು ದಿನ ಸಡಿಲವಾಗುತ್ತಲೇ ಇರುತ್ತದೆ, ಅದು ದೋಷವಲ್ಲ.

ವಾದ್ಯ ನಮಗೇಕೆ ಎನ್ನುವ ಮನೆಗಳೂ ಇವೆ. ಈ ವಿಷಯದಲ್ಲಿ ನಮ್ಮ ಹಿರಿಯರೆಲ್ಲರದೂ ಒಂದೇ ಮಾತಲ್ಲ. ಅಬ್ಬಾ, ಅಮ್ಮಿಯನ್ನು ಕೇಳಿಯೇ ಮುಂದುವರಿಯಿರಿ. ನನಗಂತೂ ಶಿಶುನಾಳ ಶರೀಫರ ತತ್ವಪದಗಳನ್ನು ಇದರಲ್ಲಿ ನುಡಿಸುವ ಆಸೆ. ಊರೂರು ಸುತ್ತಿ ತತ್ವಪದ ಹಾಡುವವರ ಏಕತಾರಿಗೆ ಇರುವುದು ಒಂದೇ ತಂತಿಯಲ್ಲವೇ?

ಕೊಬ್ಬರಿ ಮಾರಿ ಫೀಸು ಕಟ್ಟುವ ಮನೆಗಳಿಗೆ ಎರಡು ಸಾವಿರವೂ ದೊಡ್ಡ ಮೊತ್ತವೇ. ಒಬ್ಬರಿಗೆ ಭಾರವಾದರೆ ಮೂವರು ಸೇರಿ ಒಂದು ಕೊಳ್ಳಿ, ದಪ್ಪ ಸ್ಪಂಜಿನ ಚೀಲದ ಸಮೇತ.