ಬೆಕ್ಕಿಗೆ ಎಂತಕೆ ಡಾಕ್ಟ್ರು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಗೃಹಸ್ಥರೇ, ಗೃಹಿಣಿಯರೇ, ಮೇಲೆ ಬರೆದ ಪ್ರಶ್ನೆ ನನ್ನ ಕಲ್ಪನೆಯದಲ್ಲ. ನಿಮ್ಮ ಜಗಲಿಗಳಲ್ಲಿ ಕವಳದ ಬಟ್ಟಲಿನ ಸುತ್ತ ಕುಳಿತು ನಾನು ಅದನ್ನು ಎಣಿಸಲಾರದಷ್ಟು ಸಲ ಕೇಳಿದ್ದೇನೆ. ಪ್ರತಿಸಲವೂ ಅದು ಪ್ರಶ್ನೆಯ ವೇಷದಲ್ಲಿ ಬಂದ ತೀರ್ಪಾಗಿತ್ತಲ್ಲದೆ, ಉತ್ತರವನ್ನು ಬಯಸಿದ ಪ್ರಶ್ನೆಯಾಗಿರಲಿಲ್ಲ. ಆ ತೀರ್ಪಿನಿಂದ ಒಂದು ಜೀವ ಹೋದುದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗದೆ ಹೋದ ಕಾರಣ ಈ ಮನವಿಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪುನರ್ವಸು ಮಳೆ ಹಿಡಿದ ವಾರ. ಶ್ರೀಧರಸ್ವಾಮಿಗಳು 1973ರಲ್ಲಿ ಸಮಾಧಿಸ್ಥರಾದ ವರದಹಳ್ಳಿಗೆ ದರ್ಶನಕ್ಕೆಂದು ಹೋದವನು, ಹಿಂತಿರುಗುವಾಗ ಮಳೆಯ ಆರ್ಭಟಕ್ಕೆ ಅಂಜಿ ಬಂಧುಗಳ ಮನೆಯೊಂದರಲ್ಲಿ ನಾಲ್ಕು ದಿನ ತಂಗಿದ್ದೆ. ಆ ಮನೆಯ ಎಂಟು ವರ್ಷದ ಹುಡುಗಿ, ಯಾರೋ ಪುಣ್ಯಾತ್ಮರು ಗೋಣಿಚೀಲದಲ್ಲಿ ತುಂಬಿ ರಸ್ತೆಯ ತಿರುವಿನಲ್ಲಿ ಬಿಟ್ಟುಹೋಗಿದ್ದ ಬೆಕ್ಕಿನ ಮರಿಗಳಲ್ಲಿ ಬದುಕುಳಿದಿದ್ದ ಒಂದನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ತಂದು, ಬಚ್ಚಲೊಲೆಯ ಬಿಸುಪು ತಾಗುವಂತೆ ಹೆಡಿಗೆಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದ್ದಳು. ಮರಿಗೆ ತಿಂಗಳು ತುಂಬಿತ್ತೋ ಇಲ್ಲವೋ. ಮೂರನೆಯ ದಿನ ಅದು ಹಾಲು ಮುಟ್ಟಲಿಲ್ಲ. ಎರಡು ಸಲ ವಾಂತಿ ಮಾಡಿತು. ಕಣ್ಣೆರಡೂ ಪಿಸುರಿನಿಂದ ಅಂಟಿಕೊಂಡವು.

ಅದೇ ಸಂಜೆ ಕೊಟ್ಟಿಗೆಯಲ್ಲಿ ಹಿಂದಿನ ದಿನ ಕರು ಹಾಕಿದ್ದ ಹಸು ನಡುಗುತ್ತ ಕುಸಿದು ಬಿತ್ತು. ಮನೆಯೊಡೆಯರು ಒಂದು ಗಳಿಗೆಯನ್ನೂ ಕಳೆಯದೆ ಫೋನು ಮಾಡಿದರು. ವೈದ್ಯರು ಆ ಮಳೆಯಲ್ಲಿ, ಆ ಕತ್ತಲೆಯಲ್ಲಿ, ಕೆಸರಿನ ದಾರಿ ತುಳಿದು ಬಂದು, ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿ, ಹಸು ಎದ್ದು ನಿಂತುದನ್ನು ನೋಡಿ, ಜಗಲಿಯಲ್ಲಿ ಕಾಫಿ ಕುಡಿದು ಹೊರಡಲೆಂದು ಅಂಗಳಕ್ಕಿಳಿದರು. ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಹತ್ತು ಹೆಜ್ಜೆ. ಹುಡುಗಿ ತಂದೆಯ ಬೆನ್ನ ಹಿಂದೆ ನಿಂತು ಹೆಡಿಗೆಯ ಕಡೆಗೆ ಕೈತೋರಿಸುತ್ತಲೇ ಇದ್ದಳು. ಆಗ ಒಳಗಿನಿಂದ ಆ ಮಾತು ಬಂತು: ‘ಬೆಕ್ಕಿಗೆ ಎಂತಕೆ ಡಾಕ್ಟ್ರು?’ ವೈದ್ಯರು ಮನೆಯಂಗಳದಲ್ಲಿದ್ದರು, ರೋಗಿ ಮನೆಯೊಳಗಿತ್ತು, ಇಬ್ಬರ ನಡುವೆ ಅಡ್ಡ ನಿಂತದ್ದು ಈ ಒಂದು ವಾಕ್ಯ ಮಾತ್ರ. ಕಂಬಕ್ಕೊರಗಿ ಕುಳಿತಿದ್ದ ನಾನೂ ಬಾಯಿ ಬಿಡಲಿಲ್ಲ. ಪರರ ಮನೆಯಲ್ಲಿ ಹೆಚ್ಚು ಮಾತು ಸಲ್ಲದೆಂಬ ಸಂಕೋಚ ನನ್ನ ನಾಲಗೆಯನ್ನು ಹಿಡಿದಿತ್ತು. ಆ ಮೌನಕ್ಕಾಗಿ ಇಂದಿಗೂ ನಾಚುತ್ತೇನೆ.

ಮರುದಿನ ಬೆಳಿಗ್ಗೆ, ಮರಿಯ ಮೈ ಬಿಸಿಯಾಗಿದೆಯೆಂದು ಮರುಗಿದ ಕೈಯೊಂದು, ಮನುಷ್ಯರ ಜ್ವರಕ್ಕೆ ತಂದಿಟ್ಟಿದ್ದ ಪ್ಯಾರಾಸಿಟಮಾಲ್ ಗುಳಿಗೆಯ ಅರ್ಧವನ್ನು ಅರೆದು ಹಾಲಿನಲ್ಲಿ ಕದಡಿ ಕುಡಿಸಿತು. ಮಧ್ಯಾಹ್ನದ ಹೊತ್ತಿಗೆ ಒಸಡು ಕಂದುಬಣ್ಣಕ್ಕೆ ತಿರುಗಿತು, ಮುಖ ಊದಿತು, ಏದುಸಿರು ಹತ್ತಿತು. ಬೆಳಗಾಗುವಷ್ಟರಲ್ಲಿ ಹೆಡಿಗೆ ನಿಶ್ಚಲವಾಗಿತ್ತು.

ಆ ಮನೆಯವರು ಕ್ರೂರಿಗಳಲ್ಲ. ಅತಿಥಿಗೆ ಉಣಬಡಿಸದೆ ತಾವು ಉಣ್ಣದವರು, ಗೋಗ್ರಾಸವಿಡದೆ ಎಲೆಯ ಮುಂದೆ ಕೂರದವರು. ನನ್ನ ಕೋಪಕ್ಕೆ ಕಾರಣವೇ ಅದು. ಕ್ರೂರಿಗಳಿಗೆ ಮನವಿ ಬರೆದು ಪ್ರಯೋಜನವಿಲ್ಲ. ಆದರೆ ದಯಾವಂತರು ತಮ್ಮ ದಯೆಗೊಂದು ಬೇಲಿ ಹಾಕಿಕೊಂಡು, ಹಾಲು ಕೊಡುವ ಪ್ರಾಣಿಯನ್ನು ಬೇಲಿಯೊಳಗೂ ಅಟ್ಟದ ಇಲಿಯನ್ನು ಕಾಯುವ ಪ್ರಾಣಿಯನ್ನು ಹೊರಗೂ ನಿಲ್ಲಿಸಿದಾಗ, ಅವರನ್ನು ಎದುರಿಗೆ ನಿಂತು ಕೇಳಲೇಬೇಕಾಗುತ್ತದೆ. ದೂರವೆಂಬ ನೆಪವನ್ನು ನಾನು ಒಪ್ಪುವುದಿಲ್ಲ. ವೈದ್ಯರು ಹತ್ತು ಹೆಜ್ಜೆಯಲ್ಲಿದ್ದರು. ಬಡತನವೆಂಬ ನೆಪವನ್ನೂ ಒಪ್ಪುವುದಿಲ್ಲ. ಅಡಕೆಗೆ ಔಷಧ ಹೊಡೆಸುವ ಕೈಗಳು ಇವು. ಅಜ್ಞಾನವನ್ನಾದರೂ ಕ್ಷಮಿಸಬಹುದಿತ್ತು, ಕೇಳಿ ತಿಳಿದುಕೊಳ್ಳುವ ಬಾಗಿಲನ್ನು ‘ಎಂತಕೆ’ ಎಂಬ ಆ ಒಂದು ಶಬ್ದವೇ ಮುಚ್ಚದೆ ಇದ್ದಿದ್ದರೆ.

ಗಳಲೆ ರೋಗಕ್ಕೆ, ಚಪ್ಪೆ ರೋಗಕ್ಕೆ, ಕಾಲುಬಾಯಿ ಜ್ವರಕ್ಕೆ ಲಸಿಕೆಯುಂಟೆಂಬುದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ನಿಮ್ಮ ಅಜ್ಜಂದಿರ ಕೊಟ್ಟಿಗೆಗಳನ್ನು ರಾತ್ರೋರಾತ್ರಿ ಬರಿದುಮಾಡುತ್ತಿದ್ದ ದೊಡ್ಡರೋಗವು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾದದ್ದು ಲಸಿಕೆಯ ಬಲದಿಂದ. ಇಷ್ಟೆಲ್ಲ ಬಲ್ಲವರು, ಬೆಕ್ಕಿನ ಮರಿಗೂ ಹಾಗೆಯೇ ಒಂದು ಮಾರಿಯುಂಟು, ಅದಕ್ಕೂ ಲಸಿಕೆಯುಂಟು ಎಂಬುದನ್ನು ಕೇಳಿಯೂ ಕಿವಿಗೆ ಹಾಕಿಕೊಳ್ಳದೆ ಇದ್ದೀರಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ಆ ವ್ಯಾಧಿ ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ರೋಗದ ದಾಯಾದಿ. ರಕ್ತದ ಬಿಳಿಕಣಗಳನ್ನು ನಾಶಮಾಡಿ, ಕರುಳನ್ನು ಹಣ್ಣುಮಾಡಿ, ನಿನ್ನೆ ನೂಲಿನುಂಡೆಯೊಡನೆ ಆಡುತ್ತಿದ್ದ ಮರಿಯನ್ನು ಒಂದೆರಡು ದಿನಗಳಲ್ಲಿ ನೆಲಕ್ಕೊರಗಿಸುತ್ತದೆ. ಸತ್ತ ಮರಿಯ ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ ಅದರ ವಿಷಾಣು ತಿಂಗಳುಗಟ್ಟಲೆ ಜೀವಿಸಿ, ಅದೇ ಹೆಡಿಗೆಗೆ ಬರುವ ಮುಂದಿನ ಮರಿಗಾಗಿ ಕಾಯುತ್ತದೆ. ‘ನಮ್ಮ ಮನೆಗೆ ಬೆಕ್ಕು ಏಳಿಗೆಯಿಲ್ಲ’ ಎಂದು ನಿಟ್ಟುಸಿರು ಬಿಡುವ ತಾಯಂದಿರೇ, ಎಷ್ಟೋ ಮನೆಗಳಲ್ಲಿ ಏಳಿಗೆಯ ಮಾತೇ ಅಲ್ಲ ಅದು. ಆ ಹೆಡಿಗೆಯನ್ನು ಸುಟ್ಟು, ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು, ಹೊಸ ಮರಿಯನ್ನು ಲಸಿಕೆಯಾದ ಮೇಲೆಯೇ ತಂದಿದ್ದರೆ ಆ ನಿಟ್ಟುಸಿರು ಬೇಕಾಗುತ್ತಿರಲಿಲ್ಲ.

ಈ ರೋಗಕ್ಕೂ, ಕಣ್ಣುಮೂಗು ಸೋರಿಸುವ ಎರಡು ಶೀತರೋಗಗಳಿಗೂ ಸೇರಿಸಿ ಒಂದೇ ಲಸಿಕೆಯುಂಟು. ಆರರಿಂದ ಎಂಟು ವಾರದ ಪ್ರಾಯದಲ್ಲಿ ಮೊದಲು ಕೊಡಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡಿಸಬೇಕು. ಒಮ್ಮೆ ಚುಚ್ಚಿಸಿದರೆ ಸಾಲದೇ ಎಂದರೆ, ಸಾಲದು: ತಾಯಿಯ ಮೊಲೆಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಉಳಿದಿರುವಷ್ಟು ಕಾಲ ಲಸಿಕೆ ಫಲಿಸಲು ಬಿಡುವುದಿಲ್ಲ, ಆ ರಕ್ಷಣೆ ಯಾವ ದಿನ ಕರಗೀತೆಂದು ಹೊರಗಿನಿಂದ ಹೇಳಬರುವುದಿಲ್ಲ. ಹುಚ್ಚುರೋಗದ ಲಸಿಕೆ ಮೂರು ತಿಂಗಳಿಗೆ. ಅದು ಬೆಕ್ಕಿಗಿಂತ ಹೆಚ್ಚಾಗಿ ನಿಮ್ಮ ಮಕ್ಕಳಿಗಾಗಿ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಉದುರಿ ಬಿದ್ದವು. ಅವುಗಳ ಸಾವಿನ ಜಾಡನ್ನು ಹಿಡಿದುಹೋದಾಗ ಮನುಷ್ಯರನ್ನು ಕೊಲ್ಲುವ ಜ್ವರದ ಮೂಲ ಸಿಕ್ಕಿತು. ಆ ಕಾಡಿನ ಹೆಸರೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ರೋಗದ ಹೆಸರಾಗಿ ನಿಂತಿತು. ಮೂಕಪ್ರಾಣಿಯ ಕಾಯಿಲೆ ಬೇರೆ, ನಮ್ಮ ಕಾಯಿಲೆ ಬೇರೆ ಎಂದು ಯಾವ ನಾಡಿನವರು ಹೇಳಿದರೂ ಹೇಳಬಹುದು, ಮಲೆನಾಡಿನವರು ಹೇಳಲಾಗದು. ಆ ಜ್ವರವನ್ನು ಹರಡುವ ಉಣುಗಿಗೆ ಹೆದರಿ ಕಾಡಿಗೆ ಹೋಗುವ ಮುನ್ನ ಮೈಗೆ ಎಣ್ಣೆ ಸವರಿಕೊಳ್ಳುವವರು ನೀವು; ಮಗುವಿನ ಹಾಸಿಗೆಯಲ್ಲಿ ಮಲಗುವ ಮರಿಯ ಕಿವಿಯೊಳಗೆ ಒಮ್ಮೆಯಾದರೂ ಇಣುಕಿ ನೋಡಿದ್ದೀರೇನು?

ನೋಡಿದವರೂ ಮಾಡುವುದೇನು! ದನದ ಉಣುಗಿಗೆಂದು ತಂದ ಔಷಧವನ್ನೇ ನಾಲ್ಕು ಹನಿ ಮರಿಯ ಬೆನ್ನಿಗೂ ಸವರುತ್ತಾರೆ. ಆ ಜಾತಿಯ ಎಷ್ಟೋ ಔಷಧಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೇ ಇಲ್ಲ. ನಡುಕ ಹತ್ತಿ, ಸೆಳೆತ ಬಂದು ಸಾಯುತ್ತದೆ. ಪ್ಯಾರಾಸಿಟಮಾಲಿನ ಕಥೆಯೂ ಅದೇ: ನಮ್ಮ ಯಕೃತ್ತು ಸುಲಭವಾಗಿ ಬಿಡಿಸಿ ಹೊರಹಾಕುವ ಆ ದ್ರವ್ಯ, ಬೆಕ್ಕಿನ ದೇಹದಲ್ಲಿ ವಿಷವಾಗಿ ಪರಿಣಮಿಸಿ, ರಕ್ತದ ಕೆಂಪುಕಣಗಳು ಪ್ರಾಣವಾಯುವನ್ನು ಹೊರಲಾರದಂತೆ ಮಾಡುತ್ತದೆ. ಬೆಳೆದ ಬೆಕ್ಕಿಗೆ ಒಂದು ಗುಳಿಗೆ ಸಾಕು. ಮರಿಗೆ ಅದರ ತುಣುಕು ಸಾಕು. ವೈದ್ಯನನ್ನು ಬೇಡವೆಂದ ಮನೆಯೇ ಔಷಧವನ್ನು ಮಾತ್ರ ಬೇಡವೆನ್ನಲಿಲ್ಲವೆಂಬುದನ್ನು ಗಮನಿಸಿರಿ. ಈ ಅರ್ಧ ದಯೆ ಎಷ್ಟು ಭಯಂಕರವಾದುದೆಂದು ಆ ಹೆಡಿಗೆಯ ಬಳಿ ಕುಳಿತು ಕಂಡೆ.

ಬೇನೆ ಬಂದಾಗ ಮಾತ್ರವಲ್ಲ, ಮರಿ ಮನೆಗೆ ಬಂದ ವಾರದಲ್ಲಿಯೇ ವೈದ್ಯರಿಗೆ ತೋರಿಸುವುದು ಲೇಸು. ಜಂತುಹುಳು ಅದಕ್ಕೆ ತಾಯಿಯ ಹಾಲಿನೊಡನೆಯೇ ಬಂದಿರುತ್ತದೆ. ಮೂರನೆಯ ವಾರದಿಂದ ಎರಡು ವಾರಕ್ಕೊಮ್ಮೆ, ತೂಕ ನೋಡಿ, ವೈದ್ಯರು ಹೇಳಿದಷ್ಟೇ ಔಷಧ ಬೀಳಬೇಕು. ಹೊಟ್ಟೆ ಡೋಲಿನಂತಾಗಿ ಬೆನ್ನೆಲುಬು ಎದ್ದು ಕಾಣುವ ಮರಿಯನ್ನು ‘ಹೊಟ್ಟೆ ತುಂಬ ತಿಂದಿದೆ’ ಎಂದು ನಗುವವರನ್ನು ನೋಡಿದ್ದೇನೆ. ತಾಯಿಯಿಲ್ಲದ ಎಳೆಮರಿಗೆ ಆಕಳ ಹಾಲು ಅಮೃತವಲ್ಲ, ಭೇದಿಗೆ ದಾರಿ. ಅದಕ್ಕೆಂದೇ ಸಿಗುವ ಹಾಲಿನ ಪುಡಿಯುಂಟು. ನಮ್ಮಂಥ ಶಾಕಾಹಾರಿಗಳ ಮನೆಗಳಿಗೆ ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕು: ಬೆಕ್ಕು ಸೃಷ್ಟಿಯಿಂದಲೇ ಮಾಂಸಾಹಾರಿ, ಟಾರಿನ್ ಎಂಬ ಸತ್ತ್ವ ಮಾಂಸದಿಂದಲೇ ಅದಕ್ಕೆ ದೊರೆಯಬೇಕು, ಇಲ್ಲವಾದರೆ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕು ಅಟ್ಟದ ಇಲಿಯಿಂದ ಅದನ್ನು ದೊರಕಿಸಿಕೊಂಡೀತು. ಬೇಟೆ ಕಲಿಯದ ಮರಿಗೆ ಮೊಸರನ್ನವನ್ನು ಮಾತ್ರ ಇಡುವುದು ಧರ್ಮವೆನಿಸದು. ಬೆಕ್ಕಿಗೆಂದೇ ಮಾಡಿದ ಆಹಾರ ಈಗ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ; ಅದನ್ನು ಮುಟ್ಟಿದರೆ ಕೈ ತೊಳೆದುಕೊಂಡರಾಯಿತು.

ಇನ್ನು ಗೋಣಿಚೀಲ. ಮನೆಯ ಬೆಕ್ಕು ಮರಿಹಾಕಿದಾಗಲೆಲ್ಲ ಅವನ್ನು ದೂರ ಸಾಗಿಸಿ, ಕ್ಷೇತ್ರದ ದಾರಿಯಲ್ಲೋ ಸಂತೆಯ ಮಾಳದಲ್ಲೋ ಸುರಿದು, ‘ಯಾರಾದರೂ ಸಾಕಿಕೊಳ್ಳಲಿ’ ಎಂದು ಕೈಮುಗಿದು ಬರುವವರೇ, ನಿಮ್ಮ ಕಾರ್ಯವನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹಿಂಸೆಯೆಂದೇ ಕರೆಯುತ್ತದೆ. ಕಾಯಿದೆ ಹಾಗಿರಲಿ. ಬೆಕ್ಕು ತನ್ನ ಮರಿಯನ್ನು ಏಳು ಮನೆ ತಿರುಗಿಸುತ್ತದೆಂದು ನೀವೇ ಹೇಳುತ್ತೀರಿ. ಏಳು ಮನೆ ತಿರುಗಿಸಿದರೂ ಎಂಟನೆಯದಾಗಿ ರಸ್ತೆಯಲ್ಲಿ ಬಿಡುವುದಿಲ್ಲವಲ್ಲ ಅದು! ಶ್ರೀವೈಷ್ಣವ ಆಚಾರ್ಯರು ಭಗವಂತನ ಕೃಪೆಗೆ ದೃಷ್ಟಾಂತವನ್ನು ಹುಡುಕಿದಾಗ ಕಂಡದ್ದು ಈ ತಾಯಿಯನ್ನೇ. ಮರಿ ಏನನ್ನೂ ಮಾಡದೆ ಸುಮ್ಮನಿದ್ದರೂ ಬಾಯಲ್ಲಿ ಕಚ್ಚಿಕೊಂಡು ಹೋಗಿ ಕಾಪಾಡುವ ಆ ರೀತಿಗೆ ಮಾರ್ಜಾಲಕಿಶೋರ ನ್ಯಾಯವೆಂದು ಹೆಸರಿಟ್ಟು ಶರಣಾಗತಿಯ ತತ್ತ್ವವನ್ನೇ ಅದರ ಮೇಲೆ ನಿಲ್ಲಿಸಿದರು. ಆ ಉಪನ್ಯಾಸವನ್ನು ಕೇಳಿ ತಲೆದೂಗಿ ಮನೆಗೆ ಬಂದವರು ಗೋಣಿಚೀಲವನ್ನು ಹೇಗೆ ಹುಡುಕುತ್ತೀರಿ? ಮರಿಗಳು ಬೇಡವಾದರೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಿ. ಹೆಣ್ಣುಬೆಕ್ಕು ನಾಲ್ಕು ಐದು ತಿಂಗಳಿಗೇ ಗರ್ಭ ಧರಿಸಬಲ್ಲದು, ಒಂಬತ್ತು ವಾರಕ್ಕೆ ಹೆರಬಲ್ಲದು, ಆದಕಾರಣ ಮುಂದಿನ ವರ್ಷ ನೋಡೋಣವೆನ್ನುವಷ್ಟು ವ್ಯವಧಾನ ನಿಮಗಿಲ್ಲ.

ಪರಿಹಾರವೆಂದು ನಾನು ಹೇಳಬಲ್ಲದ್ದು ಹೆಚ್ಚಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಸರಕಾರದ ಪಶು ಆಸ್ಪತ್ರೆಗಳಿವೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಬೆಕ್ಕಿನ ಲಸಿಕೆ ದಾಸ್ತಾನಿಲ್ಲವೆಂದರೆ ಮುಂಚಿತವಾಗಿ ಹೇಳಿ ತರಿಸಿಕೊಳ್ಳಿರಿ. ಕೇಳುವವರೇ ಇಲ್ಲದ ವಸ್ತುವನ್ನು ಯಾರು ತಂದಿಡುತ್ತಾರೆ? ಹಸುವನ್ನು ನೋಡಲು ವೈದ್ಯರು ಮನೆಗೆ ಬಂದ ದಿನ, ನಿಮ್ಮ ಮಗಳು ಕೈತೋರಿಸಿದ ಕಡೆಗೂ ಅವರನ್ನು ಕರೆದೊಯ್ಯಿರಿ.

ಆ ಹುಡುಗಿ ಹೆಡಿಗೆಯನ್ನು ತೊಳೆದು ಮಾಡಿನ ಕೆಳಗೆ ಕವುಚಿಟ್ಟಿದ್ದಳು. ನಾನು ಹೊರಡುವಾಗ, ಅಪ್ಪಯ್ಯ ಹಸುವಿಗೆ ಬಂದ ಡಾಕ್ಟರಿಗೆ ಮರಿಯನ್ನು ಯಾಕೆ ತೋರಿಸಲಿಲ್ಲವೆಂದು ನನ್ನನ್ನೇ ಕೇಳಿದಳು. ಉತ್ತರ ಹೇಳಬೇಕಾದವರು ನೀವು ಮತ್ತು ನಾನು. ನಿಮ್ಮ ಅಟ್ಟದಲ್ಲೋ ಕಟ್ಟಿಗೆಯ ಕೊಟ್ಟಿಗೆಯಲ್ಲೋ ಈ ಹೊತ್ತು ಒಂದು ಮರಿ ಕೂಗುತ್ತಿದ್ದರೆ, ಈ ಹಾಳೆಯನ್ನು ಕೆಳಗಿಟ್ಟು ದೀಪ ಹಿಡಿದು ಅದರ ಕಣ್ಣನ್ನು ನೋಡಿರಿ. ಪಿಸುರು ಕಟ್ಟಿದ್ದರೆ, ಬೆಳಗಿನ ಮೊದಲ ಬಸ್ಸಿಗೇ ಪಶು ಆಸ್ಪತ್ರೆಗೆ ಹೊರಡಿರಿ.