ಭಾರವಾದ ಕಾರು ಒಳ್ಳೆಯ ಕಾರೆ?

ಹಳೆಯ ಅಮೆರಿಕನ್ ಕಾರುಗಳ ವಿಷಯವಾಗಿ ಹಿರಿಯರನ್ನು ಮಾತನಾಡಿಸಿದರೆ ಒಂದು ಮಾತು ತಪ್ಪದೆ ಬರುತ್ತದೆ: ಅವು ಭಾರವಾಗಿದ್ದುವು, ಆದುದರಿಂದಲೇ ಒಳ್ಳೆಯವಾಗಿದ್ದುವು ಎಂದು. ಭಾರಕ್ಕೂ ಗುಣಕ್ಕೂ ಇಂತಹ ನಂಟು ಉಂಟೆ? ಉಂಟೆಂದು ನಂಬಿ ಇಂದಿಗೂ ಲಕ್ಷಗಟ್ಟಲೆ ಹಣ ಸುರಿಯುವವರು ಇರುವುದರಿಂದ ಇದು ಕೇವಲ ಹಳೆಯ ಕಾಲದ ಹರಟೆಯಲ್ಲ; ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬೇಕಾದ ಪ್ರಶ್ನೆ.

ಕೋಲಾರದ ಚಿನ್ನದ ಗಣಿಗಳ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬ ವೃದ್ಧರು ನಮಗೆ ಪರಿಚಿತರು. ಅವರ ಬಾಲ್ಯದಲ್ಲಿ ಮನೆಯಲ್ಲಿ ಒಂದು ಸ್ಟುಡಿಬೇಕರ್ ಕಾರು ಇದ್ದಿತು. ಅದರ ಮಾದರಿಯ ಹೆಸರೂ ಚಾಂಪಿಯನ್ ಎಂದೇ. ಊರಿಗೂ ಕಾರಿಗೂ ಒಂದೇ ಹೆಸರು ಬಂದದ್ದು ಕೇವಲ ಆಕಸ್ಮಿಕವಾದರೂ ಆ ಮನೆಯವರಿಗೆ ಅದು ದೊಡ್ಡ ಹೆಮ್ಮೆಯಾಗಿದ್ದಿತಂತೆ. "ಆಗಿನ ಕಾರೆಂದರೆ ತೂಕ, ಮೇಷ್ಟ್ರೇ! ಬಾಗಿಲು ಹಾಕಿದರೆ ಪೆಟ್ಟಿಗೆ ಮುಚ್ಚಿದ ಹಾಗೆ ಸದ್ದು. ಆರು ಜನ ಕುಳಿತು ಬಂಗಾರಪೇಟೆಗೆ ಹೋಗಿ ಬರುತ್ತಿದ್ದೆವು. ಏರಿನಲ್ಲಿ ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದರೂ ಗಾಡಿ ಒಂದು ಅಂಗುಲ ಹಿಂದಕ್ಕೆ ಬರುತ್ತಿರಲಿಲ್ಲ. ಅಷ್ಟು ಭಾರ!" ಎಂದು ಅವರು ಹೇಳಿದಾಗ ನಮಗೆ ಸಂತೋಷವೂ ಸಂದೇಹವೂ ಒಟ್ಟಿಗೇ ಆದುವು.

ಸಂದೇಹಕ್ಕೆ ಕಾರಣ ಆ ಕಾರಿನ ಚರಿತ್ರೆ. ಅಮೆರಿಕದ ಇಂಡಿಯಾನ ಸಂಸ್ಥಾನದ ಸೌತ್ ಬೆಂಡ್ ಪಟ್ಟಣದಲ್ಲಿ 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಸೋದರರು ಒಂದು ಕಮ್ಮಾರಸಾಲೆಯನ್ನು ತೆರೆದರು. ಮುಂದೆ ಅದು ಕುದುರೆಗಾಡಿಗಳ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. 1902ರಲ್ಲಿ ಆ ಸಂಸ್ಥೆ ತನ್ನ ಮೊದಲ ಮೋಟಾರು ಗಾಡಿಗಳನ್ನು ಹೊರತಂದಿತು. ಅವು ವಿದ್ಯುತ್ತಿನಿಂದ ಓಡುವ ಗಾಡಿಗಳು. ಅದೇ 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ ಹರಿದು ಕೋಲಾರದ ಗಣಿಗಳನ್ನು ತಲಪಿತೆಂಬುದನ್ನು ಇಲ್ಲಿ ನೆನೆಯಬಹುದು.

ಚಾಂಪಿಯನ್ ಮಾದರಿ ಹುಟ್ಟಿದ್ದು 1939ರಲ್ಲಿ. ಸಾಮಾನ್ಯ ಕುಟುಂಬಕ್ಕೆ ಕೈಗೆಟಕುವ, ಪೆಟ್ರೋಲನ್ನು ಕಡಿಮೆ ಕುಡಿಯುವ ಕಾರು ಬೇಕೆಂಬುದೇ ಅದರ ಉದ್ದೇಶ. ಆಕಾರವನ್ನು ರೂಪಿಸಿದ ರೇಮಂಡ್ ಲೋವಿ ಮತ್ತು ಕಂಪನಿಯ ಇಂಜಿನಿಯರರು ತೂಕವನ್ನೇ ಶತ್ರುವೆಂದು ಎಣಿಸಿ ಪ್ರತಿಯೊಂದು ಭಾಗದಲ್ಲಿಯೂ ಅದನ್ನು ಇಳಿಸಿದರು. ಫಲವಾಗಿ ಮೊದಲ ಚಾಂಪಿಯನ್ ಸುಮಾರು 1,100 ಕಿಲೋಗ್ರಾಂ ಮಾತ್ರ ತೂಗುತ್ತಿದ್ದಿತು. ಅಂದಿನ ಷೆವರ್ಲೆ, ಫೋರ್ಡ್ ಮೊದಲಾದ ಪ್ರತಿಸ್ಪರ್ಧಿಗಳಿಗಿಂತ ಇದು ನೂರಾರು ಪೌಂಡು ಕಡಿಮೆ. ಯುದ್ಧಾನಂತರದ ರೂಪ ಕೊಂಚ ದಪ್ಪನಾದರೂ ಹಗುರವಾದ ಕಾರೆಂಬ ಹೆಸರು ಉಳಿಯಿತು.

ತೂಕ ಇಳಿಸುವುದರಲ್ಲಿ ಒಂದು ಸ್ವಾರಸ್ಯವಿದೆ. ಮೈ ಹಗುರವಾದರೆ ಚಿಕ್ಕ ಇಂಜಿನು ಸಾಕು. ಇಂಜಿನು ಚಿಕ್ಕದಾದರೆ ಚೌಕಟ್ಟು, ಸ್ಪ್ರಿಂಗು, ಬ್ರೇಕು, ಟೈರುಗಳೂ ಹಗುರವಾಗಬಹುದು. ಆಗ ಒಟ್ಟು ತೂಕ ಇನ್ನಷ್ಟು ಇಳಿಯುತ್ತದೆ. ಒಂದು ಉಳಿತಾಯ ಇನ್ನೊಂದು ಉಳಿತಾಯವನ್ನು ಹಡೆಯುತ್ತದೆ. ಅಂದಿನ ಷೆವರ್ಲೆಗೆ ಸುಮಾರು 3.5 ಲೀಟರಿನ ಇಂಜಿನು ಬೇಕಾಗಿದ್ದಾಗ ಚಾಂಪಿಯನ್ನಿಗೆ 2.7 ಲೀಟರಿನದು ಸಾಕಾದುದು ಹೀಗೆ.

ಹಾಗಾದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದೆ ನಿಲ್ಲುತ್ತಿದ್ದುದು ಸುಳ್ಳೆ? ಇಲ್ಲ, ಆ ನೆನಪು ನಿಜವಾಗಿರಬಲ್ಲುದು. ಕಾರಣ ಮಾತ್ರ ಬೇರೆ. ಭಾರವಾದ ಗಾಡಿಯನ್ನು ಇಳಿಜಾರಿನಲ್ಲಿ ಗುರುತ್ವ ಇನ್ನಷ್ಟು ಬಲವಾಗಿ ಎಳೆಯುತ್ತದೆಯೇ ಹೊರತು ಬಿಡುವುದಿಲ್ಲ. ಸ್ಟುಡಿಬೇಕರ್ ಕಾರುಗಳಲ್ಲಿ 1936ರಿಂದ 'ಹಿಲ್ ಹೋಲ್ಡರ್' ಎಂಬ ಒಂದು ಉಪಕರಣ ದೊರೆಯುತ್ತಿದ್ದಿತು. ಬ್ರೇಕಿನ ದ್ರವ ಹರಿಯುವ ಹಾದಿಯಲ್ಲಿ ಒಂದು ಸಣ್ಣ ಉಕ್ಕಿನ ಗುಂಡು. ಗಾಡಿ ಏರಿನಲ್ಲಿ ನಿಂತಾಗ ಗುಂಡು ತಾನಾಗಿ ಹಿಂದಕ್ಕೆ ಉರುಳುತ್ತದೆ. ಕ್ಲಚ್ಚನ್ನು ತುಳಿದಿರುವವರೆಗೆ ಅದು ದ್ರವದ ಹಾದಿಯನ್ನು ಮುಚ್ಚಿಕೊಂಡಿರುತ್ತದೆ. ಒತ್ತಡ ಒಳಗೇ ಸಿಕ್ಕಿಕೊಂಡು ಬ್ರೇಕು ಬಿಗಿಯಾಗಿಯೇ ಉಳಿಯುತ್ತದೆ. ಕ್ಲಚ್ಚನ್ನು ಬಿಟ್ಟು ಗಾಡಿ ಮುಂದಕ್ಕೆ ಹೊರಟಾಗ ಹಾದಿ ತೆರೆಯುತ್ತದೆ. ಟನ್ ತೂಕದ ಗಾಡಿಯನ್ನು ಹಿಡಿದು ನಿಲ್ಲಿಸಿದುದು ಗಾಡಿಯ ಭಾರವಲ್ಲ, ಕೆಲವೇ ಗ್ರಾಂ ತೂಕದ ಒಂದು ಗುಂಡು ಮತ್ತು ಅದನ್ನು ಅಲ್ಲಿರಿಸಿದವನ ಬುದ್ಧಿ.

ಕೈಕಾಲುಗಳಿಗೆ ತಿಳಿದ ನೆನಪು ಬಹುಕಾಲ ನಿಜವಾಗಿಯೇ ಉಳಿಯುತ್ತದೆಂದೂ, ಅದಕ್ಕೆ ಮನಸ್ಸು ಕೊಡುವ ಕಾರಣಗಳು ಮಾತ್ರ ಎಷ್ಟೋ ವೇಳೆ ತಪ್ಪೆಂದೂ ಇದರಿಂದ ತಿಳಿಯುತ್ತದೆ.

ಭಾರದ ಬೆಲೆ ಏನೆಂಬುದು ಚಾಂಪಿಯನ್ ರೀಫ್ಸ್‌ನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಇಲ್ಲಿಯ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದಿತು. ಒಂದು ಟನ್ ಅದಿರನ್ನು ಮೂರು ಕಿಲೋಮೀಟರ್ ಎತ್ತಲು, ಘರ್ಷಣೆಯನ್ನು ಬಿಟ್ಟರೂ, ಸುಮಾರು 294 ಲಕ್ಷ ಜೂಲ್ ಶಕ್ತಿ ಬೇಕು; ಎಂದರೆ ಎಂಟು ಯೂನಿಟ್ಟಿಗೆ ಮೇಲ್ಪಟ್ಟ ವಿದ್ಯುತ್ತು. ಆಳವಾದ ಶಾಫ್ಟಿನಲ್ಲಿ ಉಕ್ಕಿನ ಹಗ್ಗವೇ ಹಲವು ಟನ್ ತೂಗುತ್ತದೆ. ಅದಿರಿನೊಡನೆ ಅದನ್ನೂ ಎತ್ತಬೇಕು. ಆದುದರಿಂದ ಗಣಿಯ ಇಂಜಿನಿಯರನು ಅನಾವಶ್ಯಕವಾದ ಪ್ರತಿ ಕಿಲೋಗ್ರಾಮನ್ನೂ ಸಾಲವೆಂದೇ ಲೆಕ್ಕ ಹಾಕುತ್ತಾನೆ. ಕೇಜು ಭಾರವಾಗಿದೆ ಎಂದು ಹೆಮ್ಮೆಪಡುವ ಗಣಿಗಾರನಿಲ್ಲ.

ಇದೇ ಲೆಕ್ಕವನ್ನು ರಸ್ತೆಗೂ ತರೋಣ. ಎರಡು ಟನ್ನಿಗೆ ಮೇಲ್ಪಟ್ಟು ತೂಗುವ ಮನೆಬಳಕೆಯ ಕಾರುಗಳು ಈಗ ಅಪರೂಪವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 1,100 ಕಿಲೋಗ್ರಾಂ ಕಾರಿನ ಚಲನಶಕ್ತಿ ಸುಮಾರು 1.53 ಲಕ್ಷ ಜೂಲ್. 2,200 ಕಿಲೋಗ್ರಾಮಿನದಕ್ಕೆ ಅದರ ಎರಡರಷ್ಟು. ಬ್ರೇಕು ಹಾಕಿ ನಿಲ್ಲಿಸಿದಾಗ ಇದು ಶಾಖವಾಗಿ ಗಾಳಿಗೆ ಸೇರುತ್ತದೆ. ಬಂಗಾರಪೇಟೆಯಿಂದ ಗಣಿಯ ಕಡೆಗೆ ಬರುವಷ್ಟರಲ್ಲಿ ಇಪ್ಪತ್ತು ಬಾರಿ ಹೀಗೆ ನಿಂತು ಹೊರಟೆವೆಂದು ಇಟ್ಟುಕೊಂಡರೆ, ಭಾರದ ಕಾರು ಹೆಚ್ಚಾಗಿ ಚೆಲ್ಲಿದ ಶಕ್ತಿ ಸುಮಾರು 30 ಲಕ್ಷ ಜೂಲ್. ಇಷ್ಟರಲ್ಲಿ ಒಂದು ಟನ್ ಅದಿರನ್ನು ಮುನ್ನೂರು ಮೀಟರ್ ಮೇಲಕ್ಕೆ ಎತ್ತಬಹುದಾಗಿದ್ದಿತು! ಒಳಗೆ ಕುಳಿತವನು ಒಬ್ಬನೇ ಆಗಿದ್ದರಂತೂ ಈ ವ್ಯಯಕ್ಕೆ ಸಮಾಧಾನ ಹೇಳುವುದು ಕಷ್ಟ.

ಎದುರು ವಾದವನ್ನೂ ಕೇಳಬೇಕಾದುದು ನ್ಯಾಯ. ಮೊದಲ ಚಾಂಪಿಯನ್ನಿನಲ್ಲಿ ಸೀಟುಬೆಲ್ಟು ಇರಲಿಲ್ಲ, ಗಾಳಿಚೀಲವಿರಲಿಲ್ಲ. ಇಂದಿನ ಕಾರಿನ ತೂಕದಲ್ಲಿ ಒಂದು ಪಾಲು ಪ್ರಾಣರಕ್ಷಣೆಗೆ ಸಲ್ಲುತ್ತದೆ; ಅದನ್ನು ಕಳೆಯಿರೆಂದು ನಾವು ಹೇಳುವುದಿಲ್ಲ. ವಿದ್ಯುತ್ ಕಾರು ಬ್ಯಾಟರಿಯಿಂದಾಗಿ ಭಾರವಾದರೂ ಬ್ರೇಕು ಹಾಕುವಾಗ ಶಕ್ತಿಯ ಒಂದು ಭಾಗವನ್ನು ಮರಳಿ ಪಡೆಯುತ್ತದೆ. ಆದರೆ ರಕ್ಷಣೆಗಾಗಿ ಬಂದ ಭಾರ ಒಂದು, ವೈಭವಕ್ಕಾಗಿ ಬಂದ ಭಾರ ಮತ್ತೊಂದು. ಅಲ್ಲದೆ ದೊಡ್ಡ ಗಾಡಿ ತನ್ನೊಳಗಿನವರಿಗೆ ಕೊಡುವ ಅಭಯ, ಎದುರು ಬರುವ ಸೈಕಲ್ಲಿನವನಿಗೆ ಭಯವೇ ಆಗುತ್ತದೆ.

ಅಮೆರಿಕನ್ ಕಾರುಗಳ ಆ ಯುಗ ನಮ್ಮ ದೇಶದಲ್ಲಿ ಬಹುಕಾಲ ಉಳಿಯಲಿಲ್ಲ. ಮುಂಬಯಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಸ್ಟುಡಿಬೇಕರ್ ಕಾರುಗಳನ್ನು ಇಲ್ಲಿ ಜೋಡಿಸುತ್ತಿದ್ದ ಹಿಂದೂಸ್ಥಾನ್ ಮೋಟಾರ್ಸ್ ಬೇರೆ ಮಾದರಿಗಳ ಕಡೆಗೆ ತಿರುಗಿತು. ಚಾಂಪಿಯನ್ ಮಾದರಿ 1958ರಲ್ಲಿ ಕೊನೆಗೊಂಡಿತು. ಸೌತ್ ಬೆಂಡಿನ ಕಾರ್ಖಾನೆ 1963ರಲ್ಲಿಯೂ, ಕೆನಡಾದ ಹ್ಯಾಮಿಲ್ಟನ್ನಿನದು 1966ರಲ್ಲಿಯೂ ಕಾರು ತಯಾರಿಕೆಯನ್ನು ನಿಲ್ಲಿಸಿದುವು. ನಮ್ಮ ಚಿನ್ನದ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಕಾರೂ ಹೋಯಿತು, ಕೇಜೂ ನಿಂತಿತು. ಅವನ್ನು ಕಣ್ಣಾರೆ ಕಂಡವರು ಇನ್ನೂ ಕೆಲವರು ಇದ್ದಾರೆ.

ವಿದ್ಯಾರ್ಥಿ ಮಿತ್ರರು ಅವರ ಬಳಿಗೆ ಹೋಗಬೇಕು. ಕಾರು ಎಷ್ಟು ಪೆಟ್ರೋಲು ಕುಡಿಯುತ್ತಿದ್ದಿತು, ಎಷ್ಟು ಜನರನ್ನು ಹೊತ್ತಿತು, ಏರಿನಲ್ಲಿ ಹೇಗೆ ನಡೆದುಕೊಂಡಿತು ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಹಳೆಯ ರಸೀತಿ, ಕೈಪಿಡಿಗಳಿದ್ದರೆ ಅವುಗಳೊಡನೆ ಹೋಲಿಸಿ ನೋಡಲಿ. ಮನೆಗೆ ಹೊಸ ಕಾರು ತರುವ ಮಾತು ಬಂದಾಗ ಬಣ್ಣ ಯಾವುದು ಎಂದು ಕೇಳುವುದಕ್ಕೆ ಮೊದಲು ತೂಕ ಎಷ್ಟು ಎಂದು ಕೇಳಲಿ.

ನಮ್ಮ ವೃದ್ಧ ಮಿತ್ರರಿಗೆ ಉಕ್ಕಿನ ಗುಂಡಿನ ಕಥೆಯನ್ನು ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಚಾಂಪಿಯನ್ ಹಗುರವಾಗಿತ್ತು ಅನ್ನಿ" ಎಂದರು. ಅವರ ಮುಖದಲ್ಲಿ ಹೆಮ್ಮೆ ಕಡಿಮೆಯಾದಂತೆ ನಮಗೆ ಕಾಣಲಿಲ್ಲ.